ಪೆಟ್ಟಿಗೆಗೆ ನೆರಳು

ಗಿಲಕಿ ಸತ್ತ ಹದಿನೇಳನೆಯ ದಿನ ಅವರನ್ನು ಕಚೇರಿಗೆ ಕರೆಸಿದರು. ಬರಹೇಳಿದ್ದು ಹತ್ತು ಗಂಟೆಗೆ, ಒಳಗೆ ಬಿಟ್ಟದ್ದು ಹನ್ನೆರಡೂವರೆಗೆ. ಡಾಂಬರು ಹಾಕುವ ಆರು ಹೆಂಗಸರು, ರೋಲರ್ ಓಡಿಸುವ ಒಬ್ಬ ಗಂಡಸು, ಅಷ್ಟು ಹೊತ್ತೂ ಮೆಟ್ಟಿಲ ಮೇಲೆ ಕೂತಿದ್ದರು. ಕೊನೆಗೆ ಜವಾನ ಬಾಗಿಲು ತೆಗೆದು ಮೊದಲು ಅವರ ಮುಖ ನೋಡಲಿಲ್ಲ, ಕಾಲು ನೋಡಿದ. ಸೀಮೆಎಣ್ಣೆ ಹಾಕಿ ಉಜ್ಜಿದರೂ ಡಾಂಬರು ಪೂರ್ತಿ ಹೋಗುವುದಿಲ್ಲ. ಉಗುರಿನ ಸಂದಿಯಲ್ಲಿ, ಹಿಮ್ಮಡಿಯ ಬಿರುಕಿನಲ್ಲಿ ಕೂತುಬಿಡುತ್ತದೆ. "ಇಲ್ಲೇ ನಿಂತಿರಿ" ಎಂದು ಒಳಗೆ ಹೋಗಿ ಕುರ್ಚಿಗಳ ಮೇಲೆಲ್ಲ ಹಳೇ ಪತ್ರಿಕೆ ಹಾಸಿ ಬಂದ. ಕುರ್ಚಿ ಹಾಳಾಗಬಾರದಲ್ಲ.

ರೋಲರಿನವನು ಹೆಂಡತಿಯ ಮೊಣಕೈ ಹಿಡಿದು ಮೆಲ್ಲಗೆ ಹೇಳಿದ, "ಏನು ಕೇಳಿದ್ರೂ ಹೌದು ಅನ್ನು. ತೋರಿಸಿದ ಕಡೆ ಸಹಿ ಹಾಕು. ಆರು ಮನೆಯ ಹೊಟ್ಟೆಪಾಡು ಇದು."

"ಗೊತ್ತು" ಎಂದಳು ಅತ್ತಿಗೆ.

ಅತ್ತಿಗೆ ಎನ್ನುವುದು ಅವಳ ಹೆಸರಲ್ಲ. ಗಿಲಕಿಗೆ ಅವಳು ಅಣ್ಣನ ಹೆಂಡತಿ. ಗಿಲಕಿ ದಿನಕ್ಕೆ ನೂರು ಸಲ ಅತ್ತಿಗೆ, ಅತ್ತಿಗೆ ಎಂದು ಕೂಗಿ ಕೂಗಿ ಇಡೀ ಗುಂಪಿಗೆ ಅವಳು ಅತ್ತಿಗೆಯೇ ಆಗಿಹೋದಳು. ಅವಳಿಗಿಂತ ಹತ್ತು ವರ್ಷ ದೊಡ್ಡವನಾದ ಮೇಸ್ತ್ರಿಯೂ ಹಾಗೇ ಕರೆಯುತ್ತಿದ್ದ. ಗಿಲಕಿ ಎನ್ನುವುದೂ ಹೆಸರಲ್ಲ. ಬಾಯಿ ಒಂದು ಗಳಿಗೆ ಸುಮ್ಮನಿರದ ತಂಗಿಗೆ ಚಿಕ್ಕಂದಿನಲ್ಲಿ ಅಣ್ಣ ಇಟ್ಟದ್ದು. ಗಂಡ ಬಿಟ್ಟುಹೋದ ಮೇಲೆ ಆ ಬಾಯಿಯ ಸಮೇತ ಅಣ್ಣನ ಮನೆಗೆ ಬಂದಳು. ಮೊದಲ ವರ್ಷ ಅತ್ತಿಗೆ ನಾದಿನಿಗೆ ಎಣ್ಣೆ ಸೀಗೇಕಾಯಿ. ಒಬ್ಬಳು ಇಟ್ಟ ಪಾತ್ರೆ ಇನ್ನೊಬ್ಬಳು ಮುಟ್ಟುತ್ತಿರಲಿಲ್ಲ. ಆಮೇಲೆ ಡಾಂಬರಿನ ಕೆಲಸಕ್ಕೆ ಇಬ್ಬರೂ ಒಟ್ಟಿಗೆ ಹೋಗತೊಡಗಿದರು. ಬಾಂಡ್ಲಿಯನ್ನು ತಲೆಗೆ ಎತ್ತಿಕೊಡಲು ಇನ್ನೊಂದು ಜೊತೆ ಕೈ ಬೇಕು. ದಿನಕ್ಕೆ ಇನ್ನೂರು ಸಲ ಕೈ ಕೊಟ್ಟವಳ ಮೇಲೆ ಎಷ್ಟು ದಿನ ಅಂತ ಸಿಟ್ಟು ಇಟ್ಟುಕೊಳ್ಳುವುದು?

ಡಾಂಬರಿನ ಕೆಲಸ ನೋಡಿದವರು ಬಹಳ, ಮಾಡಿದವರು ಕಡಿಮೆ. ಡ್ರಮ್ಮಿನಲ್ಲಿ ಡಾಂಬರು ಕುದಿಯುತ್ತದೆ. ಅದಕ್ಕೆ ಜಲ್ಲಿ ಬೆರೆಸುತ್ತಾರೆ. ಹೊಗೆಯಾಡುವ ಆ ಜಲ್ಲಿಯನ್ನು ಬಾಂಡ್ಲಿಗೆ ತುಂಬಿ, ತಲೆಯ ಮೇಲೆ ಬಟ್ಟೆಯ ಸಿಂಬಿ ಇಟ್ಟು, ಅದರ ಮೇಲೆ ಬಾಂಡ್ಲಿ ಹೊತ್ತು, ನಲವತ್ತು ಹೆಜ್ಜೆ ನಡೆದು ಸುರಿಯಬೇಕು. ಬರಿಗೈಯಲ್ಲಿ ವಾಪಸು ಬರುವ ನಲವತ್ತು ಹೆಜ್ಜೆಯೇ ವಿಶ್ರಾಂತಿ. ಪಾದಕ್ಕೆ ಗೋಣಿ ಸುತ್ತಿ ಅದರ ಮೇಲೆ ಹಳೇ ಟೈರಿನ ಚಪ್ಪಲಿ ಕಟ್ಟಿಕೊಳ್ಳುತ್ತಿದ್ದರು. ಹೊಸದಾಗಿ ಹಾಸಿದ ರಸ್ತೆಯ ಮೇಲೆ ಅದೂ ಮೆತ್ತಗಾಗುತ್ತಿತ್ತು. ಮಡಕೆಯಲ್ಲಿ ನೀರಿತ್ತು. ಹೆಂಗಸರು ಕುಡಿಯುತ್ತಿರಲಿಲ್ಲ. ಕುಡಿದರೆ ಹೋಗಬೇಕಾಗುತ್ತದೆ, ಹೋಗಲು ಮರೆಯಿಲ್ಲ. ಗಂಡಸರಿಗೆ ಯಾವ ಗೋಡೆಯಾದರೂ ನಡೆಯುತ್ತದೆ. ಹೆಂಗಸರು ಬೆಳಿಗ್ಗೆ ಮನೆಯಲ್ಲಿ ಮುಗಿಸಿ ಬಂದರೆ ಮತ್ತೆ ಸಂಜೆಯೇ. ಅದಕ್ಕೇ ಬಾಯಿ ಮುಕ್ಕಳಿಸಿ ಉಗಿಯುತ್ತಿದ್ದರು.

ಬಿಸಿಲು ಮೊದಲೂ ಇತ್ತು, ಇಲ್ಲವೆಂದು ಯಾರೂ ಅನ್ನುವುದಿಲ್ಲ. ಆದರೆ ನಾಲ್ಕೈದು ವರ್ಷದಿಂದ ಅದರ ವರಸೆಯೇ ಬೇರೆಯಾಗಿತ್ತು. ಬೇಡದ ನೆಂಟನ ಹಾಗೆ ಬೇಸಿಗೆ ಹೇಳದೆ ಬೇಗ ಬಂದು, ಹೊರಡುವ ಮಾತೇ ಆಡುತ್ತಿರಲಿಲ್ಲ. ಕತ್ತಲಾದ ಮೇಲೂ ಗೋಡೆ ಮುಟ್ಟಿದರೆ ಬಿಸಿ. ಹಗಲು ದಣಿದ ಮೈ ರಾತ್ರಿ ಆರುತ್ತಿರಲಿಲ್ಲ. ಅದೇ ಬಿಸಿ ಮೈಯನ್ನು ಬೆಳಿಗ್ಗೆ ಎಬ್ಬಿಸಿಕೊಂಡು ಮತ್ತೆ ಕೆಲಸಕ್ಕೆ ಬರಬೇಕಾಗಿತ್ತು.

ಪೆಟ್ಟಿಗೆ ಮೇಡಂ ಬಂದದ್ದು ಆಗ. ವಿಶ್ವವಿದ್ಯಾಲಯದವಳು. ಹವಾಮಾನ ಬದಲಾಗುತ್ತಿದೆ, ಬಯಲಲ್ಲಿ ದುಡಿಯುವವರಿಗೆ ಎಷ್ಟು ಬಿಸಿ ತಾಗುತ್ತಿದೆ ಎಂದು ಅಳೆಯುವುದು ಅವಳ ಸಂಶೋಧನೆ. ಒಳ್ಳೆಯವಳು. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಈ ಕಥೆಯಲ್ಲಿ ಕೆಟ್ಟದ್ದು ಮಾಡಿದವರು ಕೆಟ್ಟವರಷ್ಟೇ ಅಲ್ಲ. ಕುರ್ಚಿ ಬೇಡವೆಂದು ಜಲ್ಲಿಯ ರಾಶಿಯ ಮೇಲೆ ಅವರ ಜೊತೆಗೇ ಕೂತಳು.

"ಬಿಸಿಲು ಜಾಸ್ತಿ ಅಂತ ನೀವೂ ಹೇಳ್ತೀರಿ, ನಾನೂ ಹೇಳ್ತೀನಿ. ಕಚೇರಿಯವರು ಕೇಳಲ್ಲ. ಅವರಿಗೆ ಅಂಕಿ ಬೇಕು. ಅಂಕಿ ಕೊಟ್ರೆ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರ ತನಕ ಕೆಲಸ ನಿಲ್ಲಿಸೋ ಆದೇಶ ಕೊಡ್ತೀವಿ ಅಂದಿದ್ದಾರೆ. ನೆರಳು, ನೀರು, ಹೆಂಗಸರಿಗೆ ಮರೆ, ಎಲ್ಲಾ ಆ ಆದೇಶದಲ್ಲೇ ಬರುತ್ತೆ."

ಗಿಲಕಿಯೂ ಸೇರಿ ಏಳು ಹೆಂಗಸರಿಗೆ ಏಳು ಪೆಟ್ಟಿಗೆ ಕೊಟ್ಟಳು. ಬೆಂಕಿಪೊಟ್ಟಣದಷ್ಟು ದೊಡ್ಡದು, ಬಿಳಿ ಬಣ್ಣ, ಕೊರಳಿಗೆ ಹಾಕಿಕೊಳ್ಳಲು ದಾರ. ಮೂಲೆಯಲ್ಲಿ ಒಂದು ಹಸಿರು ದೀಪ ಆಗಾಗ ಮಿಟುಕುತ್ತಿತ್ತು. ಬೆಳಿಗ್ಗೆ ಹಾಕಿಕೊಳ್ಳಬೇಕು, ಸಂಜೆ ಬಿಚ್ಚಬೇಕು, ಇಷ್ಟೇ. ಹೊರಡುವಾಗ ಕಾರಿನ ಬಾಗಿಲಿನಿಂದ ತಿರುಗಿ ಹೇಳಿದಳು, "ಜೋಪಾನ ಕಣ್ರಮ್ಮ. ತುಂಬಾ ಸೂಕ್ಷ್ಮ ಇದು."

ಕಾರು ಮರೆಯಾದ ಮೇಲೆ ಮೇಸ್ತ್ರಿ ತನ್ನ ಕುರ್ಚಿಯಿಂದಲೇ ಕೂಗಿದ. "ಕೇಳಿಸ್ತಾ? ಒಂದು ಪೆಟ್ಟಿಗೆ ಕೆಟ್ರೂ ಏಳು ಜನಾನೂ ಮನೆಗೆ. ನನಗೆ ಬೇರೆ ಹೆಂಗಸ್ರು ಸಿಗ್ತಾರೆ. ಪೆಟ್ಟಿಗೆ ಸಿಗಲ್ಲ."

ಮೂರನೆಯ ದಿನವೇ ಗುಂಪಿನಲ್ಲೊಬ್ಬಳಾದ ಕುಳ್ಳಿಯ ಪೆಟ್ಟಿಗೆಯ ಮೇಲೆ ಬಿಸಿ ಡಾಂಬರಿನ ಒಂದು ಹನಿ ಬಿತ್ತು. ಪ್ಲಾಸ್ಟಿಕ್ಕಿನ ಮೂಲೆ ಕರಗಿ ಸೊಟ್ಟಗಾಯಿತು. ಅದೇ ಹನಿ ಕುಳ್ಳಿಯ ಕುತ್ತಿಗೆಯ ಮೇಲೂ ಬಿದ್ದು ಚರ್ಮ ಎದ್ದಿತ್ತು, ಅದನ್ನು ಯಾರೂ ನೋಡಲಿಲ್ಲ, ಕುಳ್ಳಿಯೂ ನೋಡಿಕೊಳ್ಳಲಿಲ್ಲ. ಎಲ್ಲರೂ ಪೆಟ್ಟಿಗೆಯ ಸುತ್ತ ಕೂತು ಉಸಿರು ಹಿಡಿದರು. ದೀಪ ಮಿಟುಕಿತು. ಅಬ್ಬಾ, ಜೀವ ಇದೆ!

ಆಗ ಅತ್ತಿಗೆ ತಲೆ ಓಡಿಸಿದಳು.

ರಸ್ತೆ ಅಗಲ ಮಾಡಲು ಸಾಲುಮರಗಳನ್ನೆಲ್ಲ ಕಡಿದಿದ್ದರು. ಅದು ಹೇಗೋ ಒಂದು ಮರ ಉಳಿದಿತ್ತು. ಅದರ ಕೆಳಗೆ ಮೇಸ್ತ್ರಿಯ ಕುರ್ಚಿ, ನೀರಿನ ಮಡಕೆ. ಅತ್ತಿಗೆ ತಗ್ಗಿನ ಕೊಂಬೆಯೊಂದಕ್ಕೆ ಏಳು ಪೆಟ್ಟಿಗೆಗಳನ್ನೂ ತೂಗುಹಾಕಿದಳು. ನೀರು ತಾಗದ ಹಾಗೆ, ಬಿಸಿಯೂ ತಾಗದ ಹಾಗೆ, ಸುತ್ತ ಒದ್ದೆ ಗೋಣಿ ಇಳಿಬಿಟ್ಟು ಒಂದು ಪುಟ್ಟ ಗುಡಿಸಲಿನಂತೆ ಮಾಡಿದಳು. ಗೋಣಿ ಒಣಗಿದಾಗಲೆಲ್ಲ ಹೋಗಿ ನೀರು ಚಿಮುಕಿಸಿ ಬರುತ್ತಿದ್ದಳು. ತಾನು ಕುಡಿಯದ ನೀರನ್ನು ಗೋಣಿಗೆ ಕುಡಿಸಿದಳು.

ಮೇಸ್ತ್ರಿ ನೋಡಿದ. "ಅತ್ತಿಗೆ, ನಿನಗೂ ತಲೆ ಅಂತ ಒಂದಿದೆ ಅಂತ ಇವತ್ತು ಗೊತ್ತಾಯ್ತು ನೋಡು" ಎಂದ. ಹನ್ನೊಂದು ವರ್ಷದಲ್ಲಿ ಅವನ ಬಾಯಿಂದ ಬಂದ ಮೊದಲ ಒಳ್ಳೆಯ ಮಾತು ಅದು. ಅವಳು ಹಿಗ್ಗಿದಳು. ಮನೆಗೆ ಹೋಗಿ ಗಂಡನಿಗೂ ಹೇಳಿದಳು.

ಗಿಲಕಿಗೆ ಮಾತ್ರ ಅನುಮಾನ. ಬಾಂಡ್ಲಿ ಎತ್ತಿಕೊಡುತ್ತ ಕೇಳಿದಳು, "ಅತ್ತಿಗೆ, ಬಿಸಿಲು ಅಳೆಯೋ ಪೆಟ್ಟಿಗೇನ ನೆರಳಲ್ಲಿ ಇಟ್ರೆ ಅದಕ್ಕೆ ಬಿಸಿಲು ಹೆಂಗೆ ಗೊತ್ತಾಗುತ್ತೆ?"

"ಗಡಿಯಾರಾನ ಡಬ್ಬಿಯೊಳಗೆ ಇಟ್ರೆ ಹೊತ್ತು ತಪ್ಪು ತೋರಿಸುತ್ತಾ? ಇದೂ ಹಂಗೇ. ಅಷ್ಟು ಓದಿದೋರು ಮಾಡಿರೋ ಪೆಟ್ಟಿಗೆ, ಹತ್ತು ಮಾರು ಆಚೆಗಿರೋ ಬಿಸಿಲು ಅದಕ್ಕೆ ತಿಳಿಯದಾ?"

ಗಿಲಕಿ ಯೋಚಿಸಿದಳು. "ಅದೂ ಹೌದು ಬಿಡಿ" ಎಂದಳು. ನಾವಾಗಿದ್ದರೂ ಹಾಗೇ ಅನ್ನುತ್ತಿದ್ದೆವೇನೋ. ಪೆಟ್ಟಿಗೆ ಕೊಟ್ಟವರು ಜೋಪಾನ ಎಂದಿದ್ದರು. ಅದು ಒಳಗೆ ಏನು ಮಾಡುತ್ತದೆಂದು ಬಿಡಿಸಿ ಹೇಳಲು ಅವರಿಗೆ ಪುರಸೊತ್ತಾಗಿರಲಿಲ್ಲ.

ಮೇಡಂ ವಾರಕ್ಕೊಮ್ಮೆ ಬರುತ್ತಿದ್ದಳು. ದೂರದಲ್ಲಿ ಕಾರು ಕಂಡ ಕೂಡಲೇ ಓಡಿಹೋಗಿ ಪೆಟ್ಟಿಗೆ ಕೊರಳಿಗೆ ಹಾಕಿಕೊಳ್ಳುತ್ತಿದ್ದರು. ಮೋಸ ಮಾಡುವ ಮನಸ್ಸಿನಿಂದಲ್ಲ. ನೆಂಟರು ಬಂದಾಗ ಮಕ್ಕಳ ಮೂಗು ಒರೆಸಿ ಮುಂದೆ ನಿಲ್ಲಿಸುತ್ತೇವಲ್ಲ, ಹಾಗೆ. ಮೇಡಂ ಒಂದೊಂದೇ ಪೆಟ್ಟಿಗೆ ತಿರುಗಿಸಿ ನೋಡಿ, "ಎಷ್ಟು ಚೆನ್ನಾಗಿ ಇಟ್ಕೊಂಡಿದ್ದೀರಮ್ಮ! ಬೇರೆ ಕಡೆ ಎಲ್ಲಾ ಒಡೆದುಹಾಕಿದ್ದಾರೆ" ಅನ್ನುತ್ತಿದ್ದಳು. ಏಳು ಮುಖಗಳೂ ಅರಳುತ್ತಿದ್ದವು.

ಆ ದಿನ ಬೆಳಿಗ್ಗೆ ಎಂಟಕ್ಕೇ ಗಾಳಿ ನಿಂತುಹೋಗಿತ್ತು. ಹನ್ನೊಂದಕ್ಕೆ ಗಿಲಕಿ ಮಾತು ನಿಲ್ಲಿಸಿದಳು. ಅವಳು ಮಾತು ನಿಲ್ಲಿಸಿದ್ದನ್ನು ಎಲ್ಲರೂ ಗಮನಿಸಿದರು, ಕುಳ್ಳಿ ಗೇಲಿಯನ್ನೂ ಮಾಡಿದಳು. "ಏನೇ, ಇವತ್ತು ಗಿಲಕಿಯೊಳಗಿನ ಕಾಳು ಬಿದ್ದೋಯ್ತಾ?" ಗಿಲಕಿ ನಗಲಿಲ್ಲ. ಮಧ್ಯಾಹ್ನ ಒಂದು ದಾಟಿರಬೇಕು. ಸುರಿದ ಬಾಂಡ್ಲಿಯನ್ನು ಹಾಗೇ ಕೆಳಗಿಟ್ಟು ಮರದ ಕಡೆ ನಡೆದಳು. ಕಾಲು ನೆಟ್ಟಗೆ ಬೀಳುತ್ತಿರಲಿಲ್ಲ. ನೆರಳಿಗೆ ಹೋಗಿ ಗೋಣಿಯ ಗುಡಿಸಲಿನ ಪಕ್ಕ ಕುಕ್ಕರಿಸಿದಳು.

ಅತ್ತಿಗೆ ಗೋಣಿಗೆ ನೀರು ಚಿಮುಕಿಸಲು ಅಲ್ಲಿಗೇ ಬಂದಿದ್ದಳು. ಮೇಸ್ತ್ರಿ ಕುರ್ಚಿಯಲ್ಲಿ ತಿರುಗಿ ನೋಡುತ್ತಿದ್ದ. ಇನ್ನೇನು ಬಾಯಿ ತೆರೆಯುತ್ತಾನೆ. ಅವನು ಬೈಯುವ ಮೊದಲು ತಾನೇ ಹೇಳಿದರೆ ಬೈಗುಳ ತಪ್ಪುತ್ತದೆ ಎಂದುಕೊಂಡಳು.

"ಏಳೇ, ಪೆಟ್ಟಿಗೆ ಒದ್ದೀಯ. ಇಲ್ಲಿ ಜಾಗ ಎಲ್ಲಿದೆ? ಇನ್ನೊಂದು ಅರ್ಧ ಗಂಟೆ ತಡ್ಕೋ, ಊಟಕ್ಕೆ ಬಿಡ್ತಾರೆ."

ಗಿಲಕಿ ಪೆಟ್ಟಿಗೆಗಳನ್ನು ನೋಡಿದಳು. ಏಳೂ ತಂಪಾಗಿ ತೂಗಾಡುತ್ತಿದ್ದವು.

"ಮುಂದಿನ ಜನ್ಮದಲ್ಲಿ ಪೆಟ್ಟಿಗೆಯಾಗಿ ಹುಟ್ತೀನಿ ಅತ್ತಿಗೆ" ಎಂದು ಎದ್ದಳು.

ಎಂಟು ಬಾಂಡ್ಲಿ ಹೊತ್ತಳು. ಒಂಬತ್ತನೆಯದನ್ನು ಹೊತ್ತು ನಡೆಯುತ್ತ ಏನೇನೋ ಮಾತಾಡತೊಡಗಿದಳು, ಯಾರ ಜೊತೆ ಎಂದು ಗೊತ್ತಾಗಲಿಲ್ಲ. ಬಾಂಡ್ಲಿ ಒಂದು ಕಡೆ, ಅವಳು ಒಂದು ಕಡೆ ಬಿದ್ದರು. ಅತ್ತಿಗೆ ಓಡಿಬಂದು ಮೈ ಮುಟ್ಟಿದಳು. ಮೈ ಸುಡುತ್ತಿತ್ತು. ಒಂದು ಹನಿ ಬೆವರಿಲ್ಲ, ಸುಟ್ಟ ಇಟ್ಟಿಗೆಯಷ್ಟು ಒಣ. ಮರದತ್ತ ಓಡಿ ಪೆಟ್ಟಿಗೆಯ ಮೇಲಿನ ಒದ್ದೆ ಗೋಣಿ ಕಿತ್ತು ತಂದು ಹೊದಿಸಿದಳು. ಮೇಸ್ತ್ರಿಯ ಕಾರು ಅಲ್ಲೇ ನಿಂತಿತ್ತು. "ಸೀಟಿಗೆಲ್ಲ ಡಾಂಬರು ಮೆತ್ತುತ್ತೆ" ಎಂದ. ಜಲ್ಲಿ ತಂದ ಲಾರಿಯ ಹಿಂದೆ ಹಾಕಿದರು. ಲಾರಿಯ ಕಬ್ಬಿಣದ ತಳ ಕಾದ ಕಾವಲಿಯಾಗಿತ್ತು. ಅತ್ತಿಗೆ ಅವಳ ತಲೆಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು, ಕಾಲನ್ನು ಅಣ್ಣ ಎತ್ತಿ ಹಿಡಿದುಕೊಂಡ. ಆಸ್ಪತ್ರೆಯ ಗೇಟಿನ ಹತ್ತಿರ ಆ ಕಾಲು ಅವನ ಕೈಯಲ್ಲಿ ಭಾರವಾಯಿತು.

ಹೃದಯ ನಿಂತು ಸಾವು ಎಂದು ಕಾಗದದಲ್ಲಿ ಬರೆದರು. ಹೃದಯ ನಿಲ್ಲದೆ ಸತ್ತವರು ಯಾರಾದರೂ ಇದ್ದಾರೆಯೇ?

ಕಚೇರಿಯ ಒಳಗೆ ತಂಪು. ಎಷ್ಟು ತಂಪೆಂದರೆ ಕುಳ್ಳಿ ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಹೊದ್ದುಕೊಂಡಳು. ಪತ್ರಿಕೆಯ ಮೇಲೆ ಕೂತರೆ ಸರಬರ ಸದ್ದು, ಅದಕ್ಕೇ ಯಾರೂ ಅಲ್ಲಾಡಲಿಲ್ಲ. ಮೇಜಿನ ಆಚೆ ಇಂಜಿನಿಯರ್ ಸಾಹೇಬ, ಪಕ್ಕದಲ್ಲಿ ಮೇಸ್ತ್ರಿ, ಗೋಡೆಯ ಹತ್ತಿರ ಪೆಟ್ಟಿಗೆ ಮೇಡಂ. ಗೋಡೆಯ ಮೇಲೆ ದೊಡ್ಡ ಹಾಳೆ, ಅದರಲ್ಲಿ ಏಳು ಬಣ್ಣದ ಏಳು ಗೆರೆ. ಗಿಲಕಿಯದು ಕೆಂಪು.

ಮೇಡಂ ಆ ಗೆರೆಗಳತ್ತ ಕೈ ತೋರಿಸಿದಳು. ಮುಖದಲ್ಲಿ ಗೆಲುವಿರಲಿಲ್ಲ. "ಆ ತಿಂಗಳು ಊರಿನ ಬಿಸಿ ನಲವತ್ತನಾಲ್ಕು ಡಿಗ್ರಿ ದಾಟಿತ್ತು. ಆದ್ರೆ ಈ ಏಳು ಪೆಟ್ಟಿಗೇಲೂ ಇಪ್ಪತ್ತೆಂಟು, ಮೂವತ್ತು, ಮೂವತ್ತೊಂದು. ನನಗೂ ಅರ್ಥ ಆಗ್ತಿಲ್ಲ. ಇನ್ನೊಂದ್ಸಲ ಪರೀಕ್ಷೆ ಮಾಡ್ಬೇಕು ಅಂತ ನಾನು..."

"ಅಂಕಿ ಅಂಕಿನೇ ಮೇಡಂ" ಎಂದ ಇಂಜಿನಿಯರ್. "ನೀವೇ ತಂದ ಅಂಕಿ. ನೀವೇ ನಂಬದಿದ್ರೆ ಹೆಂಗೆ? ಆ ತೇವಾಂಶದ ವಿಷಯ ಹೇಳಿ."

"ಪೆಟ್ಟಿಗೆ ಅಳೆದ ಗಾಳಿಯಲ್ಲಿ ತೇವ ತುಂಬಾ ಇತ್ತು. ಬಹುಶಃ ಬೆವರಿಂದ..."

"ನೋಡಿ, ಅದೇ. ಚೆನ್ನಾಗಿ ಬೆವರಿದ್ದಾರೆ. ಬೆವರಿದ್ರೆ ಮೈ ತಂಪಾಗುತ್ತೆ, ಇದು ನೀವೇ ಬರೆದಿರೋದು." ಅವನು ಎದ್ದು ಕೆಂಪು ಗೆರೆಯ ಮೇಲೆ ಪೆನ್ನಿಟ್ಟ. "ಆಕೆ ಬಿದ್ದಿದ್ದು ಒಂದು ನಲವತ್ತಕ್ಕೆ. ಆಗ ಎಷ್ಟು? ಇಪ್ಪತ್ತೆಂಟು. ನನ್ನ ಮನೆಯೊಳಗೆ ಅಷ್ಟಿರುತ್ತೆ. ಆಕೆ ತಂಪಾಗೇ ಇದ್ದರು. ಬೇಜಾರಿನ ವಿಷಯ, ಆದ್ರೆ ಬಿಸಿಲಿಗೆ ಸತ್ತಿದ್ದಲ್ಲ."

ಒಂದು ಕಾಗದವನ್ನು ಮೇಜಿನ ಈಚೆ ತುದಿಗೆ ತಳ್ಳಿದ. ಕೆಲಸದ ಜಾಗದಲ್ಲಿ ಬಿಸಿ ಮಿತಿ ಮೀರಿರಲಿಲ್ಲ, ನೆರಳು ನೀರು ಇತ್ತು, ಮಧ್ಯಾಹ್ನ ಕೆಲಸ ನಿಲ್ಲಿಸುವ ಅಗತ್ಯವಿಲ್ಲ ಎಂದು ಅದರಲ್ಲಿತ್ತು. ಕೆಳಗೆ ಏಳು ಗೆರೆ, ಸಹಿಗೆ. ಗಿಲಕಿಯ ಗೆರೆ ಅವಳ ಅಣ್ಣನಿಗೆ. ಅವನು ಮೊದಲು ಎದ್ದು ಪೆನ್ನು ಹಿಡಿದ.

ಅತ್ತಿಗೆಯ ಕಿವಿಯಲ್ಲಿ ಒಂದೇ ಮಾತು ಸುತ್ತುತ್ತಿತ್ತು. ತೇವ. ಬೆವರಿನ ತೇವವಂತೆ! ಆ ಹೊತ್ತಿಗೆ ಗಿಲಕಿಯ ಮೈಯಲ್ಲಿ ಬೆವರಿರಲಿಲ್ಲ. ಮುಟ್ಟಿದ ಕೈಗೆ ಗೊತ್ತು. ತೇವ ಇದ್ದದ್ದು ಗೋಣಿಯಲ್ಲಿ. ನೀರು ಚಿಮುಕಿಸಿದ್ದು ತಾನು. ಗಡಿಯಾರವಲ್ಲ ಅದು. ಗಿಲಕಿ ಕೇಳಿದ್ದೇ ಸರಿಯಾಗಿತ್ತು.

ಎದ್ದು ನಿಂತಳು. ಪತ್ರಿಕೆ ಬಟ್ಟೆಗೆ ಅಂಟಿಕೊಂಡು ಜೊತೆಗೇ ಎದ್ದು, ಅರ್ಧ ಹರಿದು ನೇತಾಡಿತು. ಮೇಸ್ತ್ರಿ ಮುಸಿಮುಸಿ ನಕ್ಕ.

"ತಂಪಾಗಿದ್ದಿದ್ದು ಪೆಟ್ಟಿಗೆ ಸಾರ್. ಅವಳಲ್ಲ."

"ಏನು?"

"ಪೆಟ್ಟಿಗೆ ನಮ್ಮ ಕೊರಳಲ್ಲಿ ಇರಲಿಲ್ಲ. ಏಳನ್ನೂ ಮರಕ್ಕೆ ನೇತುಹಾಕಿ ಒದ್ದೆ ಗೋಣಿ ಕಟ್ಟಿದ್ದೆ. ಆ ತೇವ ಬೆವರಿಂದಲ್ಲ, ಗೋಣೀದು. ಮೂವತ್ತು ಡಿಗ್ರಿ ಗೋಣಿಯೊಳಗೆ ಇತ್ತು. ನಾವು ಹೊರಗೆ ಇದ್ವಿ."

ಪೆನ್ನು ಹಿಡಿದ ಗಂಡ ಅವಳನ್ನೇ ನೋಡುತ್ತ ನಿಂತ. ಮೇಸ್ತ್ರಿ ಅರ್ಧ ಎದ್ದ. "ಸುಳ್ಳು ಸಾರ್, ತಲೆ ಕೆಟ್ಟಿದೆ ಇವಳಿಗೆ."

"ನೀವೇ ಹೊಗಳಿದ್ರಲ್ಲ ಮೇಸ್ತ್ರಿ, ನಿನಗೂ ತಲೆ ಇದೆ ಅಂತ. ಈಗ ಕೆಟ್ಟೋಯ್ತಾ?"

ಮೇಡಂ ಗೋಡೆ ಹಿಡಿದುಕೊಂಡಿದ್ದಳು. "ಯಾಕಮ್ಮ ಹೀಗೆ ಮಾಡಿದ್ರಿ?" ಎಂದು ಕೇಳಿದಳು.

"ನೀವೇ ಜೋಪಾನ ಅಂದ್ರಲ್ಲಮ್ಮ. ಅದು ಕೆಟ್ರೆ ನಮ್ಮನ್ನ ಓಡಿಸ್ತೀನಿ ಅಂದ್ರು ಇವರು. ಅದನ್ನ ಜೋಪಾನ ಮಾಡಿ ಅಂದೋರು ಇಬ್ಬರಿದ್ರು. ನಮ್ಮನ್ನ ಜೋಪಾನ ಮಾಡಿ ಅಂತ ಯಾರೂ ಯಾರಿಗೂ ಹೇಳಿರಲಿಲ್ಲ."

ಇಂಜಿನಿಯರ್ ಕನ್ನಡಕ ತೆಗೆದು ಒರೆಸಿದ. ಅವನಿಗೆ ಸಿಟ್ಟು ಬಂದಿರಲಿಲ್ಲ. ಅದೇ ಹೆಚ್ಚು ನೋಯಿಸಿತು. "ಅಂದ್ರೆ ಸಂಶೋಧನೆ ಕೆಡಿಸಿದ್ದು ನೀನು. ಸರಿ. ಹಂಗಾದ್ರೆ ನಮ್ಮ ಕೈಲಿ ಅಂಕಿನೇ ಇಲ್ಲ. ಅಂಕಿ ಇಲ್ದೆ ಆದೇಶ ಮಾಡೋಕೆ ಬರಲ್ಲ. ಮುಂದಿನ ಬೇಸಿಗೇಲಿ ಮತ್ತೆ ಅಳೀಲಿ, ಆಮೇಲೆ ನೋಡೋಣ."

"ಮುಂದಿನ ಬೇಸಿಗೆಗೆ ಯಾರನ್ನ ಕೊಡ್ಬೇಕು ಸಾರ್?"

ಅವನು ಕಾಗದಗಳನ್ನು ಜೋಡಿಸತೊಡಗಿದ. ಗಂಡ ಪೆನ್ನನ್ನು ಮೇಜಿನ ಮೇಲಿಟ್ಟ. ಸಹಿ ಹಾಕಿರಲಿಲ್ಲ. ಹಾಕಬಾರದೆಂದು ಇಟ್ಟನೋ, ಹಾಕಲಾಗದೆ ಇಟ್ಟನೋ, ಅವನಿಗೇ ಗೊತ್ತು. ಹೆಂಗಸರು ಒಬ್ಬೊಬ್ಬರಾಗಿ ಎದ್ದರು. ಪತ್ರಿಕೆಗಳು ಸರಬರ ಹರಿದವು.

ಹೊರಗೆ ಮೆಟ್ಟಿಲಿನ ತನಕ ಮೇಡಂ ಓಡಿಬಂದಳು. "ತಪ್ಪು ನಂದು. ಹೇಳಬೇಕಾದದ್ದು ಹೇಳಲಿಲ್ಲ" ಎಂದು ಅತ್ತಳು. ಅವಳ ಕೈಯಲ್ಲಿ ಒಂದು ಚೀಲ, ಅದರಲ್ಲಿ ಏಳು ಪೆಟ್ಟಿಗೆ. "ನಾಳೆಯಿಂದ ಎರಡು ವಾರ ಹಾಕ್ಕೊಳ್ತೀರಾ? ಈ ಸಲ ಮೈ ಮೇಲೇ ಇರಲಿ. ನಾನು ಈ ವರ್ಷವೇ ಹೇಗಾದ್ರೂ..."

"ಮೈ ಮೇಲೆ ಹಾಕಲ್ಲಮ್ಮ. ನಮ್ಮ ಮೈಯಿಂದ ಅಳೆದಿದ್ದು ಸಾಕು" ಎಂದಳು ಅತ್ತಿಗೆ. ಆದರೂ ಚೀಲ ಇಸಿದುಕೊಂಡಳು.

ಕಚೇರಿಯಲ್ಲಿ ಎಲ್ಲವನ್ನೂ ಹೇಳಿದ್ದಳು, ಒಂದನ್ನು ಬಿಟ್ಟು. ಅದನ್ನು ಸಂಜೆ ಮನೆಯಲ್ಲಿ ಹೇಳಿದಳು. ಗಂಡ ಹಿತ್ತಲಿನಲ್ಲಿ ಕೂತು ಸೀಮೆಎಣ್ಣೆಯಲ್ಲಿ ಕಾಲು ತೊಳೆಯುತ್ತಿದ್ದ. ಹಗ್ಗದ ಮೇಲೆ ಗಿಲಕಿಯ ತಲೆಬಟ್ಟೆ ಹದಿನೇಳು ದಿನದಿಂದ ಹಾಗೇ ಇತ್ತು, ತೆಗೆಯಲು ಯಾರಿಗೂ ಕೈ ಬಂದಿರಲಿಲ್ಲ.

"ಅವಳು ನೆರಳಿಗೆ ಬಂದು ಕೂತಿದ್ಲು. ನಾನೇ ಎಬ್ಬಿಸಿದ್ದು. ಜಾಗ ಎಲ್ಲಿದೆ ಅಂದೆ. ಪೆಟ್ಟಿಗೆ ಒದ್ದೀಯ ಅಂದೆ."

ಅವನು ತಲೆ ಎತ್ತಲಿಲ್ಲ. ತೊಳೆದ ಕಾಲನ್ನೇ ಮತ್ತೆ ತೊಳೆದ. ತೊಳೆಯುತ್ತಲೇ ಹೇಳಿದ, "ನಾನೂ ನೋಡ್ದೆ. ರೋಲರ್ ಮೇಲಿಂದ ಎಲ್ಲಾ ಕಾಣುತ್ತೆ. ಅವಳು ಕೂತಿದ್ದು, ನೀನು ಎಬ್ಬಿಸಿದ್ದು, ಅವಳು ಕಾಲೆಳೆದುಕೊಂಡು ಹೋಗಿದ್ದು. ಇಳಿದುಬಂದು ಇರಲಿ ಬಿಡು ಅನ್ನಬಹುದಿತ್ತು. ರೋಲರ್ ನಿಂತ್ರೆ ಮೇಸ್ತ್ರಿ ಕೂಗ್ತಾನೆ ಅಂತ ಸುಮ್ಮನಿದ್ದೆ." ಆಮೇಲೆ ಅವನು ಅತ್ತ. ಹೆಣದ ಮುಂದೆಯೂ ಅಳದವನು ಸೀಮೆಎಣ್ಣೆಯ ಡಬ್ಬಿಯ ಮುಂದೆ ಕೂತು ಅತ್ತ. ಅವಳೂ ಪಕ್ಕದಲ್ಲಿ ಕೂತಳು. ಒಬ್ಬರನ್ನೊಬ್ಬರು ಸಮಾಧಾನ ಮಾಡುವ ಯೋಗ್ಯತೆ ಇಬ್ಬರಿಗೂ ಇರಲಿಲ್ಲ.

ಮರುದಿನ ಹನ್ನೆರಡು ಗಂಟೆ. ಡಾಂಬರಿನ ಡ್ರಮ್ಮು ಕುದಿಯುತ್ತಿತ್ತು. ಮೇಸ್ತ್ರಿ ಮರದ ಕೆಳಗೆ ಕಾಲು ಚಾಚಿ ಕೂತಿದ್ದ. ಬೆಳಿಗ್ಗೆಯೇ ಹೇಳಿದ್ದ, ಈ ವಾರ ಮುಗಿಯಲಿ, ಒಬ್ಬೊಬ್ಬಳನ್ನೇ ವಿಚಾರಿಸಿಕೊಳ್ಳುತ್ತೇನೆ ಎಂದು. ಅತ್ತಿಗೆ ಸುರಿದ ಬಾಂಡ್ಲಿಯನ್ನು ರಸ್ತೆಯ ಮೇಲೇ ಬೋರಲು ಹಾಕಿದಳು. ಸಿಂಬಿ ತೆಗೆದಳು. ನೆಟ್ಟಗೆ ಅವನ ಹತ್ತಿರ ಬಂದು ನಿಂತಳು.

"ಏಳಿ ಮೇಸ್ತ್ರಿ."

"ಏನಂದೆ?"

"ಕುರ್ಚಿ ಬೇಕು. ಏಳಿ."

ಅವನು ಎದ್ದದ್ದು ಭಯದಿಂದಲ್ಲ, ಆಶ್ಚರ್ಯದಿಂದ. ಅವಳು ಕುರ್ಚಿಯನ್ನು ಎತ್ತಿಕೊಂಡು ಹೋಗಿ ರಸ್ತೆಯ ನಟ್ಟನಡುವೆ ಇಟ್ಟಳು, ಗಿಲಕಿ ಬಿದ್ದ ಕಡೆ. ಅಲ್ಲಿ ಈಗ ನುಣ್ಣಗೆ ಕಪ್ಪು ರಸ್ತೆ, ಬಿದ್ದ ಗುರುತೂ ಉಳಿದಿರಲಿಲ್ಲ. ಚೀಲದಿಂದ ಪೆಟ್ಟಿಗೆಗಳನ್ನು ತೆಗೆದು ಒಂದೊಂದಾಗಿ ಕುರ್ಚಿಯ ಬೆನ್ನಿಗೆ ನೇತುಹಾಕಿದಳು. ಏಳನೆಯದು ಗಿಲಕಿಯದು. ಅದನ್ನು ಒಂದು ಗಳಿಗೆ ಕೈಯಲ್ಲಿ ಹಿಡಿದಿದ್ದು ಅದನ್ನೂ ನೇತುಹಾಕಿದಳು. ಬಿಸಿಲಿನಲ್ಲಿ ಹಸಿರು ದೀಪ ಮಿಟುಕಿದ್ದು ಕಾಣುತ್ತಿರಲಿಲ್ಲ.

"ಅಳೆಯಲಿ ಈಗ" ಎಂದಳು.

ವಾಪಸು ಬಂದು ಮರದ ಕೆಳಗೆ, ಬುಡಕ್ಕೆ ಬೆನ್ನು ಕೊಟ್ಟು ಕೂತಳು. ಮಡಕೆಯಿಂದ ಒಂದು ಲೋಟ ನೀರು ತೆಗೆದು ಕುಡಿದಳು. ಇನ್ನೊಂದು ಲೋಟ ಕುಡಿದಳು. ಕುಳ್ಳಿ ಬಂದು ಪಕ್ಕದಲ್ಲಿ ಕೂತಳು. ಉಳಿದವರೂ ಬಂದರು. ಆರೂ ಬಾಂಡ್ಲಿಗಳು ರಸ್ತೆಯ ಮೇಲೆ ಬೋರಲು ಬಿದ್ದಿದ್ದವು.

ಮೇಸ್ತ್ರಿಗೆ ಆಗ ಬಾಯಿ ಬಂತು. ಯಾರ ಅಪ್ಪನ ಆಸ್ತಿ ಎಂದ, ನಾಳೆಯಿಂದ ಬರಬೇಡಿ ಎಂದ, ಹುಟ್ಟು, ಜಾತಿ, ನಡತೆ, ಯಾವುದನ್ನೂ ಬಿಡಲಿಲ್ಲ. ಡಾಂಬರು ಹೆಪ್ಪುಗಟ್ಟುತ್ತದೆ ಎಂದು ಕಿರುಚಿದ. ಯಾರೂ ಏಳಲಿಲ್ಲ. "ಲೋ, ನಿನ್ನ ಹೆಂಡತಿಗೆ ಹೇಳೋ" ಎಂದು ರೋಲರಿನ ಕಡೆ ಕೂಗಿದ. ರೋಲರ್ ದಡಬಡ ಎನ್ನುತ್ತ ಎರಡು ಮಾರು ಮುಂದೆ ಬಂದಿತು. ಆಮೇಲೆ ನಿಂತಿತು. ಎಂಜಿನ್ ಆರಿತು. ಅಷ್ಟು ವರ್ಷದಲ್ಲಿ ಆ ರಸ್ತೆಯ ಮೇಲೆ ಮಧ್ಯಾಹ್ನ ಸದ್ದಿಲ್ಲದ್ದು ಅದೇ ಮೊದಲು. ಅವನು ಇಳಿದುಬಂದು ಹೆಂಗಸರಿಂದ ಸ್ವಲ್ಪ ದೂರದಲ್ಲಿ, ಅದೇ ನೆರಳಿನ ಅಂಚಿನಲ್ಲಿ ಕೂತ. ಮೇಸ್ತ್ರಿ ಬಿಸಿಲಿನಲ್ಲಿ ತನ್ನ ಕುರ್ಚಿಯ ಪಕ್ಕ ನಿಂತಿದ್ದ. ಸ್ವಲ್ಪ ಹೊತ್ತಿಗೆ ಅವನೂ ಕರವಸ್ತ್ರ ತೆಗೆದು ತಲೆಗೆ ಹಾಕಿಕೊಂಡ.

ದೂರದಲ್ಲಿ ಮೇಡಂನ ಕಾರು ಬರುವುದು ಕಾಣಿಸಿತು. ಈ ಸಲ ಯಾರೂ ಓಡಲಿಲ್ಲ.

ಅತ್ತಿಗೆ ತನ್ನ ಎಡಗಡೆ ನೋಡಿದಳು. ಅಲ್ಲಿಂದ ಆಚೆ ಕುಳ್ಳಿ, ಆಚೆ ಮತ್ತೊಬ್ಬಳು, ಹೀಗೆ ಐದು ಜನ. ಬಲಗಡೆ ನೋಡಿದಳು. ಹಿಂದೆ ಗೋಣಿಯ ಗುಡಿಸಲು ಇದ್ದ ಜಾಗ ಖಾಲಿ ಇತ್ತು. ಅಲ್ಲಿ ಮಣ್ಣಿನ ಮೇಲೆ ಅಂಗೈ ಊರಿದಳು. ತಂಪಾಗಿತ್ತು. ಒಬ್ಬಳು ಕಾಲು ಚಾಚಿ ಮಲಗಿಕೊಳ್ಳುವಷ್ಟು ಜಾಗ ಇತ್ತು.